ನೀರಿಗಾಗಿ ನೇಯ್ದ ಗೂಡು

ವಿಶ್ವವಿದ್ಯಾಲಯದ ಹಾಸ್ಟೆಲಿನ ಹಿಂದೆ, ಕೆರೆಯ ಮೇಲೆ ಬಾಗಿದ ಜಾಲಿಮರದಲ್ಲಿ ಎಳೆಯ ಗೀಜಗವೊಂದು ಮೊದಲ ಗೂಡು ನೇಯುತ್ತಿತ್ತು. ಅದಕ್ಕೆ ಗೂಡಿಗಿಂತ ನೀರಿನಲ್ಲಿ ತೂಗುವ ಗೂಡಿನ ಬಿಂಬವೇ ಚೆಂದವೆನಿಸಿತು. ಹಾಸ್ಟೆಲಿನ ಮಕ್ಕಳು ಫೋನು ನೋಡುವಂತೆ ದಿನವಿಡೀ ನೀರನ್ನೇ ನೋಡುತ್ತ, ಬಿಂಬದಲ್ಲಿ ಕಾಣುವ ಬದಿಗಷ್ಟೇ ಹುಲ್ಲು ಹೆಣೆದು ಹಳದಿ ಹೂವು ಸಿಕ್ಕಿಸಿತು.

ಮೀನುಗಳು ಬಾಲ ಬಡಿದು, "ಅಣ್ಣಾ, ಅರಮನೆ! ಇನ್ನೊಂದು ಹೂವು!" ಎಂದವು. ಕೇಳುತ್ತ ಕೇಳುತ್ತ ಗೀಜಗ ತಾನು ಅರಮನೆಯ ಒಡೆಯನೆಂದೇ ನಂಬಿತು.

ಒಂದು ಬೆಳಗ್ಗೆ, ಅದರ ಕನಸಿನಲ್ಲಿ ದಿನವೂ ಬರುತ್ತಿದ್ದ ಹೆಣ್ಣುಗೀಜಗ ಬಂದು ಕೂತಿತು. ಆ ಕುಲದಲ್ಲಿ ಗೂಡನ್ನು ಜಗ್ಗಿ ನೋಡದೆ ಹೆಣ್ಣು ಒಪ್ಪುವುದಿಲ್ಲ.

"ಬಿಂಬವನ್ನು ಮೆಚ್ಚಿ ಬಂದೆ. ಮೊಟ್ಟೆ ಎಲ್ಲಿಡಲಿ?"

"ಮೊದಲು ನೀರಿನಲ್ಲಿ ನೋಡಿ."

"ನೀರಿನಲ್ಲಿಟ್ಟರೆ ನಿಮ್ಮ ಅಭಿಮಾನಿಗಳಿಗೇ ಊಟ," ಎಂದು ಹೆಣ್ಣು ಕೊಕ್ಕಿನಿಂದ ಒಂದು ಎಳೆ ಜಗ್ಗಿತು. ಅರಮನೆ ಕಳಚಿ ನೀರಿಗೆ ಬಿತ್ತು. ಹೂವುಗಳು ಮೆಲ್ಲಗೆ ತೇಲಿಹೋದವು. ಮೀನುಗಳು ಪಕ್ಕದ ಕೊಂಬೆಯ ಇನ್ನೊಂದು ಗೂಡಿನ ಬಿಂಬದತ್ತ ಹೊರಟವು.

"ಗೂಡು ಕಟ್ಟುವ ಮಳೆಗಾಲ ಮುಗಿಯಲು ಇನ್ನೂ ಹದಿನೈದು ದಿನವಿದೆ. ನಾನು ಆಚೆ ದಡದಲ್ಲಿರುತ್ತೇನೆ," ಎಂದು ಹೇಳಿ ಹೆಣ್ಣು ಹಾರಿತು.

ಗೀಜಗ ಕೆರೆಗೆ ಬೆನ್ನು ಮಾಡಿ, ಯಾರಿಗೂ ಕಾಣದ ಬದಿಯಲ್ಲಿ ಮೊದಲ ಗಂಟು ಹಾಕಿತು.