ಸೀರೆ ಅಂಗಡಿಯ ಪೋಸ್ಟರಿನಲ್ಲಿ ದಪ್ಪಕ್ಷರ

ಚನ್ನವೀರಪ್ಪನ ಅಚ್ಚುಕೂಟದಲ್ಲಿ ಅಕ್ಷರಗಳೇ ಜಗಳವಾಡಿದವು. ಸುಳ್ಳೆನ್ನುವ ಧೈರ್ಯವಿದ್ದವರು ಮುಂದೆ ಬರಲಿ. ರೇಷ್ಮೆ ಸೀರೆ ಅಂಗಡಿಯ ಪೋಸ್ಟರಿಗೆಂದು ಪೇಟೆಯಿಂದ ಬಂದ ಸೀಸದ ನಾಜೂಕಕ್ಷರಕ್ಕೆ ಒಂದು ಗೀರು ದಪ್ಪ, ಇನ್ನೊಂದು ಕೂದಲೆಳೆ. ಯಂತ್ರದ ಭಾರ ತಡೆಯಲು ಅದರ ಪಕ್ಕದಲ್ಲಿ ಕುಸ್ತಿ ಪೋಸ್ಟರಿನ ದಪ್ಪಕ್ಷರವನ್ನು ನಿಲ್ಲಿಸಿದ್ದರು. ದಪ್ಪಕ್ಷರ ಮೂಡಿದ ಅಂಚನ್ನು ಆಮೇಲೆ ಕತ್ತರಿಸಿ ಬಿಸಾಡುತ್ತಿದ್ದರು.

"ಈ ಗಮಾರ ನನ್ನ ಪಕ್ಕ ಯಾಕೆ?" ಎಂದಿತು ನಾಜೂಕಕ್ಷರ.

"ನಿನ್ನ ಭಾರ ಹೊರೋನೂ ನಾನೇ, ಕತ್ತರಿ ಬೀಳೋದೂ ನನಗೇ. ಸಾಕು, ಒಬ್ಬಳೇ ನಿಲ್ಲು ತಾಯಿ," ಎಂದು ದಪ್ಪಕ್ಷರ ಸರಿದು ನಿಂತಿತು.

ಯಂತ್ರದ ಒಂದೇ ಒತ್ತಿಗೆ ನಾಜೂಕಕ್ಷರದ ಕೂದಲೆಳೆ ಗೀರು ಬಾಗಿತು.

"ಅಣ್ಣಾ, ಬಾರೋ!"

"ಕಾಗದದ ಮೇಲೆ ನಮ್ಮವರಿಗೂ ಜಾಗ ಕೊಟ್ಟರೆ ಬರ್ತೀನಿ."

ಚನ್ನವೀರಪ್ಪ ಒಪ್ಪಿದ. ದಪ್ಪಕ್ಷರದ ಕುಲಕ್ಕೆ ಕೊನೆಗೆ ಸಿಕ್ಕಿದ್ದು ಪೋಸ್ಟರಿನ ತೀರಾ ಕೆಳಗಿನ ಸಾಲು: ಚಪ್ಪಲಿ ಹೊರಗೆ ಬಿಡಿ.