ಗೊತ್ತಿಲ್ಲ ಎಂದ ಯಂತ್ರ

ಹೊಳೆದಂಡೆಯ ಆಶ್ರಮಕ್ಕೆ ಯಾರೋ ಪುಣ್ಯಾತ್ಮರು ತಲೆಯೊಳಗಿನ ಚಿತ್ರ ತೆಗೆಯುವ ಸಣ್ಣದೊಂದು ಸ್ಕ್ಯಾನರ್ ಕೊಟ್ಟಿದ್ದರು. ಯಂತ್ರ ಸಣ್ಣದು, ಚಿತ್ರವೂ ಅಷ್ಟಕ್ಕಷ್ಟೇ. ಎಲ್ಲ ಮಸುಕು ಮಸುಕು.

ಶಿಷ್ಯ ನಿಜಗುಣ ಹಟ ಹಿಡಿದು ಕೂತ. ದೊಡ್ಡಾಸ್ಪತ್ರೆಗಳ ಸ್ಪಷ್ಟ ಚಿತ್ರಗಳನ್ನು ರಾಶಿಗಟ್ಟಲೆ ತೋರಿಸಿ, ಮಸುಕನ್ನು ತಿಳಿಯಾಗಿಸುವ ವಿದ್ಯೆಯನ್ನು ಕಂಪ್ಯೂಟರಿಗೆ ಕಲಿಸಿದ. ಡೀಪ್ ಲರ್ನಿಂಗ್ ಎಂದರೆ ಇದೇ ಎಂದು ಆಶ್ರಮದವರಿಗೆಲ್ಲ ಹೇಳಿಕೊಂಡು ತಿರುಗಿದ. ಕೊನೆಗೆ ಗುರು ಮುರಿಗೆಮ್ಮನವರ ಮುಂದೆ ಬಂದು ನಿಂತ.

"ಅಕ್ಕಾರ, ಈಗ ನಮ್ಮ ಯಂತ್ರಕ್ಕ ಕಾಣದ್ದು ಏನೂ ಇಲ್ರಿ."

"ಹೌದೇನು? ಹಂಗಾರ ಇದನ್ನೊಂದು ನೋಡು."

ಮುರಿಗೆಮ್ಮ ಅಡುಗೆಮನೆಯಿಂದ ತೆಂಗಿನಕಾಯಿ ತಂದು, ರೋಗಿಯ ತಲೆ ಇಡುವ ಜಾಗದಲ್ಲಿ ಇಟ್ಟರು.

ಚಿತ್ರ ಬಂತು. ಕಾಯಿಯೊಳಗೆ ಮಡಿಕೆ ಮಡಿಕೆಯಾಗಿ ಚೊಕ್ಕ ಮೆದುಳು!

"ಭಾಳ ಬುದ್ಧಿವಂತ ಕಾಯಿ," ಎಂದರು ಮುರಿಗೆಮ್ಮ. "ಚಟ್ನಿ ಅರಿಯಾಕ ಮನಸ ಬರವಲ್ದು."

ನಿಜಗುಣನ ಮುಖ ಹುಳ್ಳಗಾಯಿತು. "ಅದು ಬರೇ ತಲಿ ನೋಡಿ ಕಲ್ತೈತ್ರಿ. ಕಾಣದ ಕಡೆ ತನಗ ಗೊತ್ತಿದ್ದದ್ದನ್ನ ತುಂಬತೈತಿ."

"ಗೊತ್ತಿಲ್ಲ ಅನ್ನೂದನ್ನ ಕಲಿಸೀಯೇನು?"

ಅದೊಂದು ಬಿಟ್ಟು ಎಲ್ಲ ಕಲಿಸಿದ್ದ.

ಮೊದಲಿನಿಂದ ಶುರು ಮಾಡಿದ. ಮಳೆಗಾಲ ಹೋಗಿ ಚಳಿಗಾಲ ಬಂತು. ಈ ಸಲದ ಪಾಠ ಇಷ್ಟೇ: ಖಾತ್ರಿಯಿದ್ದಲ್ಲಿ ತಿಳಿಯಾಗಿಸು, ಇಲ್ಲದಲ್ಲಿ ಮಸುಕನ್ನು ಹಾಗೇ ಬಿಟ್ಟು ಸುತ್ತ ಕೆಂಪು ಗೆರೆ ಎಳೆ.

ಆಗ ಬಂದವಳು ದ್ಯಾಮವ್ವ, ಹೊಳೆಯಾಚೆ ಕೌದಿ ಹೊಲಿಯುವವಳು. ತಡೆಯಲಾರದ ತಲೆನೋವು, ದಿನದಿನಕ್ಕೆ ಕಣ್ಣು ಮಬ್ಬು. ಮಗಳ ಹೆಗಲು ಹಿಡಿದು ನಡೆಯುತ್ತಿದ್ದಳು.

ನಿಜಗುಣ ಅವಳ ಚಿತ್ರವನ್ನು ಹಳೆಯ ವಿದ್ಯೆಗೂ ಹೊಸದಕ್ಕೂ ಕೊಟ್ಟು ನೋಡಿದ. ಹಳೆಯದು ಕೊಟ್ಟಿದ್ದು ಕನ್ನಡಿಯಂಥ ಚಿತ್ರ, ಎಲ್ಲೂ ಒಂದು ಕುಂದಿಲ್ಲ. ಹೊಸದರಲ್ಲಿ ಕಣ್ಣಿನ ನರದ ಹತ್ತಿರ ಶೇಂಗಾ ಬೀಜದಷ್ಟು ಮಸುಕು, ಸುತ್ತ ಕೆಂಪು ಗೆರೆ.

ನೋಡಿದವರೆಲ್ಲ ಹಳೆಯದನ್ನೇ ಮೆಚ್ಚಿದರು.

"ಏನೂ ಇಲ್ಲಂತವ್ವಾ, ಮನೀಗೆ ಹೋಗೂಣು," ಎಂದು ಮಗಳು ಕಣ್ಣೊರೆಸಿಕೊಂಡಳು.

ಹೂಂ ಎಂದುಬಿಟ್ಟರೆ ಎಲ್ಲರಿಗೂ ನೆಮ್ಮದಿ. ಇಷ್ಟು ದಿನ ಬೆವರು ಸುರಿಸಿ ಗಳಿಸಿದ್ದು ಈ ಒಂದು ಮಸುಕು ಕಲೆಯನ್ನೇ ಎಂಬ ನಾಚಿಕೆ ಬೇರೆ ನಿಜಗುಣನಿಗೆ. ಗುರುವಿನ ಕಡೆ ನೋಡಿದ. ಅವರು ಹೊಳೆ ನೋಡುತ್ತ ಕೂತಿದ್ದರು.

"ತಡೀಯವ್ವಾ," ಎಂದ. "ಅಲ್ಲಿ ಏನೈತೋ ನನಗ ಗೊತ್ತಿಲ್ಲ. ಇನ್ನೊಮ್ಮೆ ನೋಡೂಣು."

ಅದೊಂದೇ ಜಾಗವನ್ನು ನಿಧಾನವಾಗಿ, ಮತ್ತೆ ಮತ್ತೆ ಸ್ಕ್ಯಾನ್ ಮಾಡಿದ. ಗಂಟು ಕಂಡಿತು. ಕಣ್ಣಿನ ನರವನ್ನು ಒತ್ತಿಕೊಂಡು ಕೂತಿತ್ತು.

ಪಟ್ಟಣದ ಡಾಕ್ಟರು ಚಿತ್ರ ನೋಡಿದ್ದೇ ತಡ, ದ್ಯಾಮವ್ವನನ್ನು ಕರೆಸಿಕೊಂಡು ಗಂಟು ತೆಗೆದರು. ಇನ್ನಷ್ಟು ತಡವಾಗಿದ್ದರೆ ಎರಡೂ ಕಣ್ಣು ಹೋಗುತ್ತಿದ್ದವು ಎಂದರು.

ಯುಗಾದಿ ಹೊತ್ತಿಗೆ ಅವಳು ಮತ್ತೆ ಬಂದಳು. ದೋಣಿ ಇನ್ನೂ ನಡುಹೊಳೆಯಲ್ಲಿದ್ದಾಗಲೇ ಅಲ್ಲಿಂದ ಕೂಗು:

"ಏ ನಿಜಗುಣಪ್ಪಾ! ಎಷ್ಟ ಸೊರಗೀಯೋ ತಮ್ಮಾ! ಉಣ್ಣಾಕ ಹಾಕಂಗಿಲ್ಲೇನು ನಿನಗ?"

ದಂಡೆಯಲ್ಲಿದ್ದವರೆಲ್ಲ ಹೋ ಎಂದು ನಕ್ಕರು. ನಿಜಗುಣ ನಗುತ್ತ ನಗುತ್ತಲೇ ಅತ್ತುಬಿಟ್ಟ. ಅಷ್ಟು ಸಂತೋಷ ಅವನಿಗೆ ಹಿಂದೆಂದೂ ಆಗಿರಲಿಲ್ಲ. ಓಡಿಹೋಗಿ ಗುರುವಿನ ಕಾಲಿಗೆ ಬಿದ್ದ.

"ಅಕ್ಕಾರ, ಇನ್ನ ಮುಂದ ನಾ ಏನು ಮಾಡ್ಲಿ?"

ಮುರಿಗೆಮ್ಮ ಅವನನ್ನು ಎಬ್ಬಿಸಿ, ತಾವು ದಿನಾ ಸಂಜೆ ಕೂರುವ ಮಣೆಯನ್ನು ತೋರಿಸಿದರು.

"ಸಂಜೀಕ ಮಂದಿ ಬರ್ತಾರ, ಸತ್ತಮ್ಯಾಲ ಎಲ್ಲಿಗೆ ಹೋಗ್ತೀವಿ ಅಂತ ಕೇಳ್ತಾರ. ಇವತ್ತ ನೀನ ಉತ್ತರಾ ಹೇಳು."