ಜರಿಟೋಪಿಯೂ ಹಳೇ ಹೆಲ್ಮೆಟ್ಟೂ

ಏರ್ ಮಾರ್ಷಲ್ ಉತ್ತಯ್ಯನವರ ಹೊಸ ಜರಿಟೋಪಿ ಹಳೇ ಹೆಲ್ಮೆಟ್ಟಿಗೆ ಹೇಳಿತು, “ನಿನ್ನ ಕಾಲ ಮುಗಿಯಿತಯ್ಯಾ. ಇನ್ನು ಸೆಲ್ಯೂಟೆಲ್ಲ ನನಗೇ.”

“ಆಗಲಿ. ಆದರೆ ನಿನ್ನ ಜರಿಯ ಒಂದೊಂದು ಎಳೆಯೂ ನಾನು ಕುಡಿದ ಬೆವರು,” ಎಂದಿತು ಹೆಲ್ಮೆಟ್ಟು.

ಅಂದು, ಅಪಘಾತವಾಗಿ ರಿಪೇರಿಗೊಂಡ ವಿಮಾನ ಏರಲು ಪೈಲಟ್‌ಗಳು ಅಳುಕಿದರು. ಉತ್ತಯ್ಯನವರು ಟೋಪಿಯನ್ನು ಮೇಜಿನ ಮೇಲಿಟ್ಟು, ಹೆಲ್ಮೆಟ್ಟು ತೊಟ್ಟು, ಆ ವಿಮಾನವನ್ನು ತಾವೇ ಹಾರಿಸಿ ಇಳಿಸಿದರು.

ಹಾರಿ ಎಂಜಿನ್ನಿಗೆ ಸಿಕ್ಕೀತೆಂದು ವಿಮಾನಗಳ ಬಳಿ ಯಾರೂ ಟೋಪಿ ಹಾಕುವುದಿಲ್ಲ. ಟೋಪಿಯಿಲ್ಲದೆ ಸೆಲ್ಯೂಟ್ ಹೊಡೆಯುವಂತಿಲ್ಲ. ಕಿಟಕಿಯಿಂದ ನೋಡುತ್ತಿದ್ದ ಟೋಪಿಗೆ ಹೆಲ್ಮೆಟ್ಟು ತೊಟ್ಟು ಇಳಿದ ಉತ್ತಯ್ಯನವರಿಗೆ ಒಂದು ಕೈಯೂ ಮೇಲೇಳದ್ದು ಕಂಡು ಖುಷಿಯಾಯಿತು. ಮರುಕ್ಷಣವೇ ಪೈಲಟ್‌ಗಳ ಸಾಲಿಗೆ ಸಾಲೇ ಎದೆ ಸೆಟೆಸಿ ನಿಂತಿತು. ಅವರು ದಾಟಿಹೋಗುವವರೆಗೂ ಯಾರೂ ಅಲುಗಲಿಲ್ಲ.

ಹೆಲ್ಮೆಟ್ಟು ಮೇಜಿಗೆ ಮರಳಿದಾಗ ಟೋಪಿ ಮೆತ್ತಗೆ ಹೇಳಿತು, “ಅಣ್ಣಾ, ಇನ್ನು ಬರುವ ಸೆಲ್ಯೂಟಿನಲ್ಲಿ ಅರ್ಧ ನಿನ್ನದು.”

“ನಮ್ಮಿಬ್ಬರದೂ ಅಲ್ಲ, ತಮ್ಮಾ. ಆ ನರೆತ ತಲೆಯದು.”